ಬಾಗಿಲು ಕಾಯುವವನ ಹೆಂಡತಿ

ಆಶ್‌ಬರ್ನ್
೯ ಅಕ್ಟೋಬರ್ ೨೦೨೩

ಮುದ್ದು ನಮ್ರತಾ,

ಫೋನಿನಲ್ಲಾದರೆ ಅರ್ಧಕ್ಕೇ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಷಾರ್ಲೆಟ್‌ನಲ್ಲಿ ಬ್ಯಾಂಕಿನ ಕೆಲಸವೆಲ್ಲ ಮುಗಿದ ಮೇಲೆ ಕೂತು ಓದು.

ಫೇರ್‌ಫ್ಯಾಕ್ಸ್‌ನಲ್ಲಿ ಹಿರಿಯರಿಗೆಂದು ನಡೆಯುವ ಇತಿಹಾಸದ ಕ್ಲಾಸಿಗೆ ಹೋಗುತ್ತೇನಲ್ಲ, ಅಲ್ಲಿ ಕಳೆದ ತಿಂಗಳು ಮೇರಿ ಗ್ರೇ ಎಂಬವಳ ಬಗ್ಗೆ ಮಾತಾಡಿದೆ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಸಂಬಂಧಿ. ಸಿಂಹಾಸನಕ್ಕೆ ಹಕ್ಕಿದ್ದ ಮೂವರು ಅಕ್ಕತಂಗಿಯರಲ್ಲಿ ಕೊನೆಯವಳು. ದೊಡ್ಡಕ್ಕ ಜೇನ್‌ಳನ್ನು ಕೆಲವೇ ದಿನ ರಾಣಿಯಾಗಿಸಿ, ಆಮೇಲೆ ತಲೆ ಕಡಿದರು. ಆಗ ಮೇರಿಗೆ ಎಂಟೋ ಒಂಬತ್ತೋ ವರ್ಷ. ಎರಡನೆಯವಳು ಕ್ಯಾಥರೀನ್, ರಾಣಿಯ ಅಪ್ಪಣೆಯಿಲ್ಲದೆ ಮದುವೆಯಾದಳೆಂದು ಸೆರೆ ಸೇರಿದಳು. ಇಷ್ಟೆಲ್ಲ ಕಂಡೂ ಮೇರಿ ೧೫೬೫ರಲ್ಲಿ ಗುಟ್ಟಾಗಿ ಮದುವೆಯಾದಳು. ಯಾರನ್ನು ಗೊತ್ತೇ? ಅರಮನೆಯ ಬಾಗಿಲು ಕಾಯುವವರ ಮುಖ್ಯಸ್ಥನನ್ನು. ಥಾಮಸ್ ಕೀಸ್, ಮಕ್ಕಳಿದ್ದ ವಿಧುರ. ಅವಳು ತೀರಾ ಗಿಡ್ಡ, ಅವನು ಆಳೆತ್ತರ ಮೀರಿದವನು. ಜನ ನಕ್ಕರು. ರಾಣಿ ನಗಲಿಲ್ಲ. ಅವನನ್ನು ಜೈಲಿಗೆ ಹಾಕಿಸಿದಳು, ಇವಳನ್ನು ಯಾರ್ಯಾರದೋ ಮನೆಗಳಲ್ಲಿ ಕಾವಲಿನಲ್ಲಿಟ್ಟಳು. ಗಂಡಹೆಂಡಿರು ಮತ್ತೆ ಸೇರಲೇ ಇಲ್ಲ. ಆರು ವರ್ಷಕ್ಕೆ ಅವನು ತೀರಿಕೊಂಡ. ಅವನ ಮಕ್ಕಳನ್ನಾದರೂ ಸಾಕುತ್ತೇನೆಂದು ಮೇರಿ ಬೇಡಿಕೊಂಡಳು. ಮಾರನೆಯ ವರ್ಷ ಬಿಡುಗಡೆಯಾಯಿತು. ಲಂಡನ್ನಿನಲ್ಲಿ ತನ್ನದೇ ಮನೆ ಮಾಡಿಕೊಂಡಿದ್ದು, ಮೂವತ್ತಮೂರರ ಸುಮಾರಿಗೆ ಸತ್ತಳು.

ಆ ಮಕ್ಕಳ ವಿಷಯಕ್ಕೆ ಬಂದಾಗ ನಾನು ಹಾಳೆಯಿಂದ ತಲೆಯೆತ್ತಿದೆ. ಹಿಂದಿನ ಸಾಲಿನಲ್ಲಿ ರಾಮಲಿಂಗಪ್ಪನವರು ಕೂತಿದ್ದರು.

ಅವರನ್ನು ಮದುವೆಯಾಗುವ ಯೋಚನೆಯಿದೆಯೆಂದು ನಿನಗೆ ಬೇಸಿಗೆಯಲ್ಲೇ ಹೇಳಿದ್ದೆ. ಚಿತ್ರದುರ್ಗದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು, ಹೆಂಡತಿ ಹೋದ ಮೇಲೆ ಈ ದೇಶಕ್ಕೆ ಮಗನ ಹತ್ತಿರ ಬಂದವರು. ಈಗ ಇಲ್ಲೊಂದು ಡೇಟಾ ಸೆಂಟರಿನ ಗೇಟಿನಲ್ಲಿ ಸೆಕ್ಯುರಿಟಿ. ಆಗ ನೀನು ಅಂದೆ: ‘ಅಮ್ಮಾ, ನೀನು ಡಾಕ್ಟರ್. ಅವ್ರು ಗೇಟಲ್ಲಿ ಬ್ಯಾಡ್ಜ್ ಚೆಕ್ ಮಾಡೋರು. ಅಪ್ಪನ ಫ್ರೆಂಡ್ಸಿಗೆ ಏನಂತ ಇಂಟ್ರೊಡ್ಯೂಸ್ ಮಾಡ್ತೀಯಾ?’ ನಾನು ಫೋನಿಟ್ಟುಬಿಟ್ಟೆ. ನಾಚಿಕೆಯಾಯಿತು, ನನ್ನ ಮೇಲೇ. ಅದೇ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೆ.

ಕ್ಲಾಸಿನಿಂದ ಇಬ್ಬರೂ ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ನಾನೇ ಅಂದೆ, ‘ಮಗಳಿಗೆ ಬೇಜಾರು. ಮದುವೆ ಗಿದುವೆ ಬಿಟ್ಟು ಹೀಗೇ ಇದ್ದುಬಿಡೋಣ.’ ಅವರು ರಸ್ತೆ ನೋಡುತ್ತಲೇ ಹೇಳಿದರು, ‘ಡಾಕ್ಟ್ರೇ, ಆ ಹೆಣ್ಮಗಳನ್ನ ಸೆರೇಲಿಟ್ಟಿದ್ದು ರಾಣಿ. ನಿಮ್ಮನ್ನ ಇಟ್ಟಿರೋದು ಯಾರು?’

ನಿನ್ನಪ್ಪ ಕೃಷ್ಣಪ್ರಸಾದ ಹೋಗಿ ಹನ್ನೊಂದು ವರ್ಷವಾಯಿತು. ಗರಾಜಿನಲ್ಲಿ ಅವರ ಮರಗೆಲಸದ ಮೇಜು ಇನ್ನೂ ಹಾಗೇ ಇದೆ. ಮೊನ್ನೆ ರಾಮಲಿಂಗಪ್ಪನವರು ಅದರ ಧೂಳು ಒರೆಸಿದರು. ಒಂದು ಉಳಿಯ ಜಾಗವನ್ನೂ ಬದಲಿಸಲಿಲ್ಲ.

ಇದೇ ಇಪ್ಪತ್ತೊಂದು, ಶನಿವಾರ, ಲೀಸ್‌ಬರ್ಗ್‌ನಲ್ಲಿ ನಮ್ಮ ಮದುವೆ. ಆಮೇಲೆ ಮನೆಯಲ್ಲೇ ಊಟ. ಅಳಿಯ ಆದಿತ್ಯನನ್ನೂ ಕರೆದುಕೊಂಡು ಬಾ. ಬರಲೇಬೇಕೆಂದು ಹಟವಿಲ್ಲ. ಬಂದರೆ ನನ್ನ ಪಕ್ಕದ ಕುರ್ಚಿ ನಿನ್ನದು.

ನಿನ್ನ ಪ್ರೀತಿಯ
ಅಮ್ಮ, ಸುಲೋಚನಾ

ತಾ.ಕ.: ಕವರ್ ಅಂಟಿಸುವ ಮೊದಲು ನಿಜ ಹೇಳಿಬಿಡುತ್ತೇನೆ. ಇಪ್ಪತ್ತೊಂದಕ್ಕೆ ಊಟ ಮಾತ್ರ. ಮದುವೆ ಕಳೆದ ಗುರುವಾರ ಬೆಳಿಗ್ಗೆಯೇ ಆಯಿತು. ನೀನು ಬೇಡವೆಂದಿದ್ದರೆ ನಿಲ್ಲಿಸಿಬಿಡುತ್ತಿದ್ದೆ ಕಂದಾ. ಅದು ಗೊತ್ತಿದ್ದೇ ಕೇಳಲಿಲ್ಲ.