ಹತ್ತನೆಯ ಸಲದ ಒಡಪು

ಮುರಗೋಡದ ನನ್ನ ಸುಂದರವ್ವ ಚಿಗವ್ವನಿಗೆ ನಿನ್ನ ಪ್ರಜ್ಞಾಳ ಜೈಭೀಮ್.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತಿದರೆ ಪಕ್ಕದಲ್ಲಿ ಬಾಳು ಕಾಕಾ ಕಿವಿ ಅಗಲಿಸಿಕೊಂಡು ಕೂತಿರುತ್ತಾನೆ. ಅದಕ್ಕೇ ಪತ್ರ. ಓದಿ ಒಲೆಗೆ ಹಾಕು.

ಡಿಜಿಟಲ್ ನಾಣ್ಯಗಳಿಗೆ ಎಂಥ ಕಾನೂನು ಬೇಕೆಂದು ನಾನು ಮೂರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದೇನೆ. ಕಾಲೇಜಿನಲ್ಲಿ ಎಲ್ಲರೂ ಪ್ರೊಫೆಸರ್ ಅನ್ನುತ್ತಾರೆ. ನೀನೊಬ್ಬಳು ಮಾತ್ರ ‘ಕಾಣದ ರೊಕ್ಕಕ್ಕ ಕಾಯ್ದೆ ಮಾಡಾಕಿ’ ಅನ್ನುತ್ತೀ. ಅಂಥ ನನ್ನ ಮನೆತನದಲ್ಲೇ ಕಾಕಾ ಹಳೇ ಟೆಂಪೊ ಮಾರಿ ಬಂದ ಎಂಬತ್ತು ಸಾವಿರವನ್ನು ಯಾರಿಗೂ ಹೇಳದೆ ಆ ನಾಣ್ಯಕ್ಕೆ ಹಾಕಿಬಿಟ್ಟ! ಸವದತ್ತಿ ಬಸ್‌ಸ್ಟ್ಯಾಂಡ್ ಹತ್ತಿರ ನಿನಗೊಂದು ರೊಟ್ಟಿ ಖಾನಾವಳಿ ಹಾಕಿಕೊಡುವ ಆಸೆಯಂತೆ. ಫೋನಿನ ಆ ಖಾತೆಗೆ ಪಾಸ್‌ವರ್ಡ್ ಇಟ್ಟಿದ್ದಾದರೂ ಏನು? ಮದುವೆಯಲ್ಲಿ ನೀನು ಅವನ ಹೆಸರು ಹೆಣೆದು ಹೇಳಿದ ಒಡಪು. ಎರಡು ವರ್ಷ ಕಳೆಯುವಷ್ಟರಲ್ಲಿ ಅದನ್ನೇ ಮರೆತ.

ಹತ್ತು ಸಲ ತಪ್ಪಿದರೆ ಖಾತೆ ಅಳಿಸಿಹೋಗುತ್ತದೆ. ಹೋಗಿ ಜಗಳಾಡೋಣವೆಂದರೆ ಬ್ಯಾಂಕಿಲ್ಲ, ಮ್ಯಾನೇಜರ್ ಇಲ್ಲ. ಕಾಕಾ ನನ್ನ ಹತ್ತಿರ ಬರುವ ಹೊತ್ತಿಗೆ ಒಂಬತ್ತು ಸಲ ಮುಗಿಸಿದ್ದ. ಅವನ ಒಂಬತ್ತನೆಯ ಊಹೆ, ‘ಸಂತ್ಯಾಗ ಕೊಂಡೇನಿ ಮೆಣಸಿನಕಾಯಿ, ಬಾಳು ಅವರ ಮುಂದ ಬಿಚ್ಚಂಗಿಲ್ಲ ಬಾಯಿ.’ ಮುಂದಿನ ರವಿವಾರ ನಾನು ನಿಮ್ಮ ಮನೆಗೆ ಬಂದಾಗ ಇದನ್ನು ಕೇಳಿ ನೀನು, ‘ನಾ ಹಿಂಗ ಹೇಳಿದ್ರ ನಮ್ಮವ್ವ ಅಲ್ಲೇ ಮದುವಿ ಮುರೀತಿದ್ಲು!’ ಅಂದೆ. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದ್ದೆ.

ಆ ರವಿವಾರ ‘ಒಂದ್ಸಲ ಹೇಳಿಬಿಡ ಚಿಗವ್ವ’ ಎಂದು ನಾನು ಅಂಗಲಾಚಿದಾಗ ನೀನು ರೊಟ್ಟಿ ಬಡಿಯುತ್ತಲೇ, ‘ನಿನ್ನ ಕಾಯ್ದೆ ಪ್ರಕಾರ ಇದು ಯಾರ ರೊಕ್ಕ?’ ಅಂತ ಕೇಳಿದೆ. ಪಾಠ ಮಾಡುವ ಚಟ ನೋಡು, ಪಾಸ್‌ವರ್ಡೆಂಬ ಕೀಲಿ ಯಾರಿಗೆ ಗೊತ್ತೋ ಒಡೆತನ ಅವರದೇ ಎಂದು ನನ್ನ ಪ್ರಬಂಧದ ಐದನೇ ಅಧ್ಯಾಯವನ್ನೆಲ್ಲ ಒದರಿದೆ. ‘ಹಂಗಾರ ನಂದಾತಲ್ಲ! ಮಾಲಕೀನ ಹಿಂಗ ಕೇಳ್ತಾರೇನು? ಮದುವ್ಯಾಗ ನನ್ನ ಹೆಸರ ಹೇಳ್ರಿ ಅಂದ್ರ ನಿಮ್ಮ ಕಾಕಾ ನಾಚಿ ಓಡಿಹೋಗಿದ್ರು. ಮೂವತ್ತೊಂದ ವರ್ಷ ಆತು. ಈಗ ಓಣಿ ಮಂದಿ ಮುಂದ ನಿಂತು ಒಂದ ಒಡಪು ಹೇಳ್ಲಿ.’

ಹೇಳಿದನಲ್ಲ, ಚಿಗವ್ವ! ನಿಮ್ಮ ಓಣಿಯ ಕೆಂಪವ್ವ ಆಯಿಯ ಕಟ್ಟೆಯ ಮುಂದೆ, ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು. ಪ್ರಾಸ ಕೂಡಲಿಲ್ಲ, ಹೆಂಗಸರು ಬಿದ್ದು ಬಿದ್ದು ನಕ್ಕರು. ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಒಡಪೆಂದರೆ ಹಳೇ ಕಾಲದ ಚೇಷ್ಟೆ ಎನ್ನುತ್ತಿದ್ದ ನನಗೆ ಅವತ್ತು ಕಣ್ಣು ತುಂಬಿ ಬಂತು.

ಆಮೇಲೆ ನೀನು ಫೋನ್ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಉಳಿದಿದ್ದು ಅದೊಂದೇ ಸಲ, ಹತ್ತನೆಯದು. ‘ರೊಕ್ಕ ಅದಾವ’ ಎನ್ನುತ್ತ ಹೊರಗೆ ಬಂದೆ. ಎಂಬತ್ತು ಸಾವಿರ ಎಪ್ಪತ್ತೆರಡಾಗಿತ್ತು, ಆದರೂ ಇತ್ತು. ಅಲ್ಲೇ ನಿಂತು ನೀನು ಪಾಸ್‌ವರ್ಡ್ ಬದಲಿಸಿ ಕಾಕಾ ಹೇಳಿದ ಒಡಪನ್ನು ಇಟ್ಟೆ. ಮರುವಾರ ಖಾನಾವಳಿಯ ಬಾಡಿಗೆ ಮಾತನ್ನೂ ನೀನೇ ಮುಗಿಸಿ ಬಂದೆ.

ಇಷ್ಟೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ನಿನ್ನೆಯದು. ಕಾಕಾ ನಿನಗೆ ಹೇಳದೆ ಬೈಲಹೊಂಗಲಕ್ಕೆ, ನನ್ನ ಕಾಲೇಜಿಗೆ ಬಂದಿದ್ದ. ‘ಪ್ರಜ್ಞಾ, ಅವತ್ತ ನಾ ಏನ ಹೇಳಿದ್ನವಾ? ಮರತೇ ಹೋತು.’ ನನಗೆ ಅಕ್ಷರ ಅಕ್ಷರ ನೆನಪಿದೆ, ಅಂದರೆ ನನ್ನದೇ ವಾದದ ಪ್ರಕಾರ ನಾನೂ ಮಾಲಕಿ! ಐದನೇ ಅಧ್ಯಾಯ ಹರಿದು ಹೊಸದಾಗಿ ಬರೆಯಬೇಕು. ‘ಚಿಗವ್ವನ್ನ ಕೇಳು ಹೋಗು’ ಅಂದೆ. ‘ಕೇಳಿದೆ. ಹೊಸಾದು ಹೇಳಿದ್ರ ಹೇಳ್ತೇನಿ ಅಂತಾಳ’ ಎಂದು ಮುಖ ಸಣ್ಣದು ಮಾಡಿ ಕಿಸೆಯಿಂದ ಒಂದು ಚೀಟಿ ತೆಗೆದ. ಪ್ರಾಸ ತಿದ್ದಿಕೊಡಬೇಕಂತೆ. ಏಳು ಒಡಪು ಬರೆದಿದ್ದ. ಏಳರಲ್ಲೂ ನಿನ್ನ ಹೆಸರು.

ಪಾಸ್‌ವರ್ಡ್ ಇಷ್ಟರಲ್ಲೇ ಹೇಳಬೇಡ, ಚಿಗವ್ವ. ಇನ್ನೂ ಬರೆಯಲಿ.

ನಿನ್ನ ಒಲೆ ಆರದಿರಲಿ, ನಿಮ್ಮಿಬ್ಬರ ತಕರಾರು ನೂರು ವರ್ಷ ನಡೆಯಲಿ.

ಪ್ರಾಸ ತಿದ್ದುತ್ತ ಕೂತಿರುವ,
ನಿನ್ನ ಪ್ರಜ್ಞಾ