ಇಪ್ಪತ್ನಾಲ್ಕು ಗಂಟೆಯ ಎದೆಬಡಿತ

ಬುಧವಾರ, ಮಧ್ಯಾಹ್ನ ಹನ್ನೆರಡೂಕಾಲು
ಕ್ರೇನಿನ ಮೇಲಿಂದ

ನನ್ನ ಮೀನಮರಿಗೆ,

ಅಕ್ಕನ ಬೈಗುಳವಿಲ್ಲದ ಮೊದಲ ಕಾಗದ ಇದು, ಜೋಪಾನವಾಗಿ ಇಟ್ಟುಕೋ. ಅಂಚೆಗೆ ಹಾಕುವುದಿಲ್ಲ, ಸಂಜೆ ನಾನೇ ಬಂದು ನಿನ್ನ ಕೈಗೆ ಕೊಡುತ್ತೇನೆ. ಎದುರು ಕೂತು ಹೇಳಬಹುದಿತ್ತು. ಆದರೆ ಎರಡನೇ ಮಾತಿಗೇ ನೀನು ನಗುತ್ತೀ, ನಿನ್ನ ನೋಡಿ ನಾನೂ ನಗುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಆದ್ದರಿಂದ ಕೊನೆಯ ಸಾಲಿನ ತನಕ ಓದಿ ಆಮೇಲೆ ಬಾಯಿ ತೆರೆ.

ಗಾಳಿ ಜೋರಾಗಿದೆ ಅಂತ ಕೆಲಸ ನಿಲ್ಲಿಸಿದ್ದಾರೆ. ಏಣಿ ಇಳಿಯಲು ಹತ್ತು ನಿಮಿಷ, ಮತ್ತೆ ಹತ್ತಲು ಇಪ್ಪತ್ತು. ಗಾಳಿ ಯಾವಾಗ ತಗ್ಗುತ್ತದೋ ತಿಳಿಯದು, ಹಾಗಾಗಿ ಇಲ್ಲೇ ಕೂತಿದ್ದೇನೆ. ನೀನು ಈ ಕ್ಯಾಬಿನ್ ನೋಡಿಲ್ಲ. ಒಂದು ಕುರ್ಚಿ, ಎರಡು ಹಿಡಿ, ಕಾಲಡಿಯಲ್ಲೂ ಗಾಜು. ಎದ್ದು ನಿಂತರೆ ತಲೆ ತಾಗುತ್ತದೆ. ಹದಿನೇಳು ವರ್ಷ ಇದು ನನ್ನ ಸಿಂಹಾಸನವಾಗಿತ್ತು. ಒಂದು ವರ್ಷದಿಂದ ಬೋನಾಗಿದೆ.

ಯಾಕೆ ಅಂತ ನಿನಗೆ ಅರ್ಧ ಮಾತ್ರ ಹೇಳಿದ್ದೆ. ಮುಟ್ಟು ಹಿಂದೆಮುಂದೆ ಆಗುತ್ತಿದೆ, ಬೆವರುತ್ತೇನೆ ಅಂದಿದ್ದೆ. ಉಳಿದರ್ಧ ಇದು. ಸುಮ್ಮನೆ ಕೂತಿರುವಾಗ ಎದೆ ಒಮ್ಮೆಲೇ ಓಡತೊಡಗುತ್ತದೆ. ಹೆದರಿ ಅಲ್ಲ, ದಣಿದೂ ಅಲ್ಲ. ಬಡಿತ ಗಂಟಲಿಗೆ ಬರುತ್ತದೆ, ಕಿವಿಯಲ್ಲಿ ಕೇಳಿಸುತ್ತದೆ. ನಡುವೆ ಒಂದು ತಪ್ಪಿ ಹೋಗಿ, ಮುಂದಿನದು ದಡಕ್ಕನೆ ಬೀಳುತ್ತದೆ. ಜೊತೆಗೆ ಎದೆಯಿಂದ ಹಣೆಯ ತನಕ ಬಿಸಿ ಏರುತ್ತದೆ. ಎರಡು ತಿಂಗಳು ಮುಟ್ಟೇ ಇಲ್ಲ, ಬಂದರೆ ನಲ್ಲಿ ಬಿಟ್ಟ ಹಾಗೆ. ಕಕ್ಕಸು ನೆಲದ ಮೇಲೆ, ನಾನು ಹದಿನೈದನೇ ಮಹಡಿಯ ಎತ್ತರದಲ್ಲಿ. ಅದಕ್ಕೇ ಬೆಳಿಗ್ಗೆ ನೀರು ಕುಡಿಯದೆ ಹತ್ತುತ್ತೇನೆ, ಅದಕ್ಕೇ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ.

ಹೆಂಗಸರ ಡಾಕ್ಟರ ಹತ್ತಿರ ಹೋಗಿದ್ದೆ. ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷ ಹಾರ್ಮೋನು ಏರಿಳಿಯುವಾಗ ಎದೆಯೂ ಅದರ ಜೊತೆ ಕುಣಿಯುತ್ತದೆ, ಎಷ್ಟೋ ಜನಕ್ಕೆ ಹೀಗಾಗುತ್ತದೆ, ಸಾಮಾನ್ಯವಾಗಿ ಅಪಾಯವಿಲ್ಲ, ಆದರೂ ಒಂದು ಸಲ ಪರೀಕ್ಷೆ ಮಾಡಿಸಿಬಿಡಿ ಅಂದರು. ನನಗೆ ಸಮಾಧಾನವಾಯಿತು, ಪರೀಕ್ಷೆಯ ಮಾತನ್ನು ಮರೆತುಬಿಟ್ಟೆ.

ಆಮೇಲೆ ಒಂದು ದಿನ ಕಬ್ಬಿಣದ ಕಂಬಿಯ ಕಟ್ಟು ಕೊಕ್ಕೆಯಲ್ಲಿ ನೇತಾಡುತ್ತಿರುವಾಗಲೇ ಅದು ಬಂತು. ಹಿಡಿ ಅಲುಗಾಡಿಸದೆ ಎರಡು ನಿಮಿಷ ಕಲ್ಲಿನ ಹಾಗೆ ಕೂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಕೆಳಗೆ ನಮಗೆ ಸನ್ನೆ ಕೊಡುವವನೊಬ್ಬ ಇದ್ದಾನೆ, ಬಾಯಿಂದ ಸೀಟಿ ತೆಗೆಯುವುದೇ ಇಲ್ಲ, ಅವನಿಗೆ ಪೀಪಿ ಅಂತಲೇ ಹೆಸರು. ಅವನು ಸೂಪರ್‌ವೈಸರ್ ಹತ್ತಿರ ಹೋಗಿ, ಮೇಡಂ ಮೇಲೆ ಕೂತ್ಕೊಂಡು ತೂಕಡಿಸ್ತಾ ಇದ್ರು ಸಾರ್ ಅಂದನಂತೆ. ಮರುದಿನವೇ ನನಗೆ ಫಾರಂ ಬಂತು. ಇಪ್ಪತ್ನಾಲ್ಕು ಗಂಟೆ ಎದೆಗೆ ಬಡಿತ ದಾಖಲಿಸುವ ಯಂತ್ರ ಕಟ್ಟಿಕೊಳ್ಳಬೇಕು, ಅದೂ ಕಂಪನಿ ಗೊತ್ತುಮಾಡಿದ ಕ್ಲಿನಿಕ್‌ನಲ್ಲೇ. ಎದೆಬಡಿತದಲ್ಲಿ ಏರುಪೇರು: ಇದೆ, ಇಲ್ಲ. ಎರಡೇ ಚೌಕ. ಇದು ಈ ವಯಸ್ಸಿನದು, ಕಳೆದುಹೋಗುತ್ತದೆ ಅಂತ ಬರೆಯಲು ಜಾಗವಿಲ್ಲ. ಇದೆ ಅಂದರೆ ಕೆಳಗಿಳಿಸಿ ಉಗ್ರಾಣದ ಬೀಗದಕೈ ಕೊಡುತ್ತಾರೆ. ಬಿ.ಪಿ. ಮಾತ್ರೆ ನುಂಗಿ ಹತ್ತುವ ಗಂಡಸರು ನಮ್ಮಲ್ಲಿ ಮೂವರಿದ್ದಾರೆ, ಅವರ ಬಗ್ಗೆ ಪೀಪಿ ಊದುವುದಿಲ್ಲ.

ಆಗ ನೀನು ನೆನಪಾದೆ. ದಿನಕ್ಕೆ ಐದು ಗಂಟೆ ಕೊಳದಲ್ಲಿ ನಿಂತು ಮಕ್ಕಳಿಗೆ ಈಜು ಕಲಿಸುವವಳು, ನನಗಿಂತ ಎಂಟು ವರ್ಷ ಚಿಕ್ಕವಳು, ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವವಳು. ಎರಡು ವಾರದ ಹಿಂದೆ, ಮಂಗಳವಾರ ಸಂಜೆ, ಕ್ಲಿನಿಕ್‌ನಲ್ಲಿ ನನ್ನ ಎದೆಗೆ ಅಂಟಿಸಿದ್ದನ್ನು ನಿನ್ನ ಅಡುಗೆಮನೆಯಲ್ಲಿ ಕಿತ್ತು ನಿನ್ನ ಎದೆಗೆ ಅಂಟಿಸಿದೆವು. ವಾಪಸ್ ಕೊಡುವ ಮುಂಚೆ ಮತ್ತೆ ನನಗೆ ಅಂಟಿಸಬೇಕಲ್ಲ, ಎಲ್ಲೆಲ್ಲಿ ಅಂತ ಮರೆಯದಿರಲು ನನ್ನ ಮೈಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಂಡೆವು. ಅಕ್ಕ, ನನ್ನ ಎದೆಯನ್ನ ಬಾಡಿಗೆಗೆ ಕೊಟ್ಟಿದೀನಿ, ಹುಷಾರಾಗಿ ವಾಪಸ್ ಕೊಡು ಅಂತ ನೀನು ನಗುತ್ತಿದ್ದೆ. ಮರುದಿನ ಬುಧವಾರ, ಕೊಳ ತೊಳೆಯುವ ವಾರದ ರಜೆ, ನೀರಿನ ಭಯವಿರಲಿಲ್ಲ. ನಾನು ಯಂತ್ರವಿಲ್ಲದೆ ಕ್ರೇನ್ ಹತ್ತಿದೆ, ನೀನು ಮನೆಯಲ್ಲಿ ನನ್ನ ಯಂತ್ರ ಹೊತ್ತು ಓಡಾಡಿದೆ.

ಆ ದಿನ ಯಾವ ಹೊತ್ತಿಗೆ ಏನು ಮಾಡಿದೆ ಅಂತ ಬರೆದುಕೊಡಲು ಒಂದು ಚೀಟಿ ಕೊಟ್ಟಿದ್ದರಲ್ಲ, ಅದಕ್ಕಾಗಿ ಮಧ್ಯಾಹ್ನ ನಿನಗೆ ಫೋನು ಮಾಡಿದೆ. ಹನ್ನೊಂದೂ ಇಪ್ಪತ್ತಕ್ಕೆ ಬಟ್ಟೆ ಹರವುವಾಗ ಕಣ್ಣು ಕತ್ತಲೆ ಬಂತು, ಗೋಡೆ ಹಿಡ್ಕೊಂಡೆ, ಬೆಳಿಗ್ಗೆ ತಿಂಡಿ ತಿಂದಿರ್ಲಿಲ್ಲ ಅಷ್ಟೇ, ಅದನ್ನೆಲ್ಲ ಬರೀಬೇಡ ಮಾರಾಯ್ತಿ ಅಂತ ನೀನು ಅಂದೆ. ನಾನು ಬರೆದದ್ದು: ಹನ್ನೊಂದೂ ಇಪ್ಪತ್ತು, ಕೆಲಸದಲ್ಲಿದ್ದೆ, ಏನೂ ಆಗಲಿಲ್ಲ.

ನಿನ್ನೆ ಸಂಜೆ ರಿಪೋರ್ಟ್ ಕೈಗೆ ಬಂತು, ಕಂಪನಿಗೆ ನಾನೇ ಒಯ್ದು ಕೊಡಬೇಕು, ಇನ್ನೂ ಕೊಟ್ಟಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಆ ಎದೆ ನಾಲ್ಕೂಮುಕ್ಕಾಲು ಸೆಕೆಂಡು ಬಡಿದೇ ಇಲ್ಲ. ಸಂಜೆ ಇನ್ನೊಂದು ಸಲ, ಮೂರು ಸೆಕೆಂಡು. ತಕ್ಷಣ ಬಂದು ಕಾಣಬೇಕು, ಎತ್ತರ ಹತ್ತಬಾರದು, ನೀರಿಗೆ ಇಳಿಯಬಾರದು ಅಂತ ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಎತ್ತರದ ಮಾತು ನನಗೆ, ನೀರಿನ ಮಾತು ಯಾರಿಗೆ ಬರೆದೆ ಅಂತ ಅವರಿಗೇ ಗೊತ್ತಿಲ್ಲ. ನಾಲ್ಕೂಮುಕ್ಕಾಲು ಸೆಕೆಂಡು ಏನು ಮಹಾ ಅನ್ನಬೇಡ. ಅಷ್ಟರಲ್ಲಿ ನನ್ನ ಕೊಕ್ಕೆ ಒಂದು ಮಹಡಿ ಇಳಿಯುತ್ತದೆ. ನನ್ನದು ಬರೀ ಓಡುವ ಎದೆ ಕಣೇ. ನಿನ್ನದು ನಿಲ್ಲುತ್ತದೆ.

ನೀನು ಬೇರೆ ಕಡೆ ಪರೀಕ್ಷೆ ಮಾಡಿಸಿಕೊಂಡರೆ ಸಾಕಲ್ಲ, ನನ್ನ ವಿಷಯ ಯಾಕೆ ಬಾಯಿಬಿಡಬೇಕು ಅಂತ ನಾನೂ ಯೋಚಿಸಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಇನ್ನೊಂದು ಆಸ್ಪತ್ರೆಗೆ ಫೋನು ಮಾಡಿ, ಯಾರದೋ ಕಥೆಯಂತೆ ಕೇಳಿದೆ. ಇದು ದಿನಾ ಬರುವುದಲ್ಲವಂತೆ. ಮತ್ತೊಂದು ದಿನ ಯಂತ್ರ ಕಟ್ಟಿದರೆ ಸಿಗದೇ ಹೋಗಬಹುದು, ಎಲ್ಲ ಸರಿ ಇದೆ ಅಂತ ನಿನ್ನನ್ನು ಮನೆಗೆ ಕಳಿಸಿಬಿಡಬಹುದು. ಸಿಕ್ಕಿಬಿದ್ದಿರುವುದು ಈ ಒಂದೇ ಹಾಳೆಯಲ್ಲಿ, ಅದರ ತಲೆಯ ಮೇಲೆ ನನ್ನ ಹೆಸರು. ಅದು ನನ್ನದಲ್ಲ ಅಂತ ನಾನು ಆ ಕ್ಲಿನಿಕ್‌ಗೆ ಬರೆದುಕೊಟ್ಟರೆ ಮಾತ್ರ ಅದು ನಿನ್ನದಾಗುತ್ತದೆ. ಬರೆದುಕೊಟ್ಟ ದಿನವೇ ಕಂಪನಿಗೆ ತಿಳಿಯುತ್ತದೆ, ಆಗ ಉಗ್ರಾಣವೂ ಇಲ್ಲ, ಮೋಸ ಮಾಡಿದವಳು ಅಂತ ಗೇಟಿನ ಹೊರಗೆ. ಇನ್ನು ಯಾವ ಕ್ರೇನಿಗೂ ಹತ್ತಿಸುವುದಿಲ್ಲ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ನನ್ನ ವಿಷಯದಲ್ಲಿ ದರಿ ತೋಡಿದವಳೂ ನಾನೇ.

ಇದೆಲ್ಲ ಒಳ್ಳೆಯದಕ್ಕೇ ಆಯಿತು, ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಅಂತ ಮಾತ್ರ ಹೇಳಬೇಡ. ನನಗೆ ಆ ಸಮಾಧಾನ ಬೇಡ. ನನಗೆ ಸಿಟ್ಟು ಬರುತ್ತಿದೆ, ನನ್ನ ಮೇಲೆ, ಆ ಎರಡು ಚೌಕಗಳ ಮೇಲೆ, ತಿಂಡಿ ತಿನ್ನದ ನಿನ್ನ ಮೇಲೂ.

ಈಗ ಬಂತು ನೋಡು. ಅಕ್ಷರ ಓರೆಯಾದರೆ ಕ್ಷಮಿಸು. ಮಣಿಕಟ್ಟು ಹಿಡಿದು ಎಣಿಸಿದೆ, ನಿಮಿಷಕ್ಕೆ ನೂರ ನಲವತ್ತೆಂಟು. ಅಂಗಿ ಬೆನ್ನಿಗೆ ಅಂಟಿದೆ. ಗಾಳಿಗೆ ಕ್ಯಾಬಿನ್ ವಾಲುತ್ತಿದೆ, ಎಲ್ಲಿಗೂ ಹೋಗುವಂತಿಲ್ಲ. ಸುಮ್ಮನೆ ಕೂತು ಉಸಿರು ಬಿಡುತ್ತಿದ್ದೇನೆ.

ಹೋಯಿತು. ಏಳು ನಿಮಿಷ.

ಇಂದು ಸಂಜೆ ಈ ಕಾಗದದ ಜೊತೆ ರಿಪೋರ್ಟನ್ನೂ ತರುತ್ತೇನೆ. ಇಬ್ಬರೂ ನೇರ ಡಾಕ್ಟರ ಹತ್ತಿರ ಹೋಗೋಣ. ನಿನ್ನ ಗಂಡನಿಗೆ ನಾನೇ ಹೇಳುತ್ತೇನೆ, ಅವನು ಬೈದರೆ ಬೈಸಿಕೊಳ್ಳುತ್ತೇನೆ. ಬರೆದುಕೊಡುವ ಧೈರ್ಯ ಆ ಹೊತ್ತಿಗೆ ಬಂದಿರುತ್ತದೆ ಅಂದುಕೊಂಡಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಧೈರ್ಯ ಸಂಜೆಯವರೆಗೆ ಉಳಿಯುವುದು ಅನುಮಾನ ಅನ್ನಿಸಿ, ಈಗಷ್ಟೇ ರೇಡಿಯೊ ಒತ್ತಿ ಸೂಪರ್‌ವೈಸರಿಗೆ ಹೇಳಿಬಿಟ್ಟೆ: ಯಂತ್ರ ಕಟ್ಟಿಕೊಂಡದ್ದು ನಾನಲ್ಲ, ನನ್ನ ತಂಗಿ. ನಮ್ಮ ರೇಡಿಯೊದಲ್ಲಿ ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಕೇಳುತ್ತದೆ. ಪೀಪಿ ಕೂಡ ಸೀಟಿ ಬಾಯಿಂದ ತೆಗೆದು ಮೇಲೆ ನೋಡುತ್ತಿದ್ದಾನೆ. ಇನ್ನು ಹಿಂದೆ ಸರಿಯುವಂತಿಲ್ಲ, ಇಳಿಯುತ್ತೇನೆ.

ಇನ್ನೊಂದು ಮಾತು, ರಿಪೋರ್ಟಿನ ಮೇಲಿನ ತಾರೀಕನ್ನು ನೀನು ನೋಡೇ ನೋಡುತ್ತೀ. ಅದು ನಿನ್ನೆ ಬಂದದ್ದಲ್ಲ. ಹನ್ನೊಂದು ದಿನವಾಯಿತು. ಕ್ಲಿನಿಕ್‌ನಿಂದ ಆರು ಸಲ ಫೋನು ಬಂತು, ಎತ್ತಲಿಲ್ಲ. ಆ ದಿನಗಳಲ್ಲಿ ನೀನು ಒಂಬತ್ತು ಬೆಳಿಗ್ಗೆ ನೀರಿಗೆ ಇಳಿದೆ. ಒಂಬತ್ತು ಬೆಳಿಗ್ಗೆಯೂ ನಾನು ಕೆಲಸಕ್ಕೆ ಹೋಗುವ ಮುಂಚೆ ಕೊಳದ ಕಿಟಕಿಯ ಹೊರಗೆ ನಿಂತು, ನೀನು ಮುಳುಗಿದಾಗಲೆಲ್ಲ ತಲೆ ಮೇಲೆ ಬರುವ ತನಕ ಎಣಿಸುತ್ತಿದ್ದೆ, ಬರದಿದ್ದರೆ ಹಾರಿ ಎಳೆದು ತರುವವಳ ಹಾಗೆ. ನನಗೆ ಈಜು ಬರುವುದಿಲ್ಲ ಅಂತ ನಿನಗೆ ಗೊತ್ತು.