ಅಂಗಡಿ ಬೋರ್ಡಿನ ನಂಬರು

ನನ್ನ ಖಾರದ ಸೋದರಸೊಸೆಗೆ,

ನಿಮ್ಮ ಹದಿಹರೆಯದವರ ವಾರ್ಡಿಗೆ ಫೋನ್ ಬಿಡುವುದಿಲ್ಲವೆಂದು ನರ್ಸಮ್ಮ ಹೇಳಿದರು. ಅದಕ್ಕೇ ಈ ಕಾಗದ. ನಾನು ಓದಿದ್ದು ಹಳ್ಳಿ ಶಾಲೆಯಲ್ಲೇ ಆದರೂ ಅಕ್ಷರ ನೋಡು, ಮುತ್ತು! ನಿನ್ನ ಡಾಕ್ಟರದು ಕೋಳಿ ಕೆದರಿದಂತಿದೆ. ಅವರಿಗೆ ಹೇಳಬೇಡ, ಸದ್ಯ ನಮ್ಮ ಜುಟ್ಟು ಅವರ ಕೈಯಲ್ಲಿದೆ.

ಇಲ್ಲಿ ನಿನ್ನ ಫೋನಿನ ವಿಚಾರಣೆ ನಡೆದಿದೆ. "ಈ ದರಿದ್ರದ್ದನ್ನ ಸುತ್ತಿಗೇಲಿ ಕುಟ್ಟಿ ಹಾಕೋ" ಎಂದು ನಿನ್ನಮ್ಮ ಅದನ್ನು ನನ್ನ ಸೈಕಲ್ ಅಂಗಡಿಗೇ ತಂದಳು. ಅಕ್ಕನ ಸಿಟ್ಟು ಸುಳ್ಳಲ್ಲ. "ಮಾತ್ರೆ ಬಿಟ್ಟೆ, ಹೂವಿನಂತಾದೆ" ಎಂದು ಯಾವಳೋ ಕುಣಿಯುವ ವಿಡಿಯೊ ಬಂದದ್ದು ಅದರಲ್ಲೇ. ನೀನು ಖಿನ್ನತೆಯ ಮಾತ್ರೆಗಳನ್ನು ಹೂಕುಂಡಕ್ಕೆ ಹಾಕಿದ್ದೂ ಅದನ್ನು ನೋಡಿಯೇ. ಒಂದು ನೋಡಿದರೆ ಅಂಥವೇ ಇನ್ನಷ್ಟು ತಂದು ಮುಂದಿಡುತ್ತದಂತೆ, ಜಗಳಕ್ಕೆ ಗಾಳಿ ಹಾಕುವ ನೆರೆಮನೆಯವರ ಹಾಗೆ.

ಆದರೂ ನಾನು ಸುತ್ತಿಗೆ ಎತ್ತಲಿಲ್ಲ. ಯಾಕೆಂದು ಹೇಳುತ್ತೇನೆ. ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನ ಮಧ್ಯಾಹ್ನ ಟ್ಯೂಬು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದೆ. ಅಂಗಡಿ ಫೋನಿಗೆ ಯಾರೋ ಹುಡುಗಿಯ ಕರೆ ಬಂತು.

"ಸೈಕಲ್ ಸಾಮ್ರಾಟ ಅಂದ್ರೆ ನೀವೇನಾ?"

ಗಿರಾಕಿ ಎಂದುಕೊಂಡು, "ನಾನಲ್ದೆ ಇನ್ಯಾರಮ್ಮ?" ಎಂದೆ.

"ನಿಮ್ಮ ಸೊಸೆ ನಮ್ಮ ಫೋನಿನ ಗುಂಪಲ್ಲಿ ಎಲ್ರಿಗೂ ಕೊನೇ ನಮಸ್ಕಾರ ಅಂತ ಬರ್ದಿದಾಳೆ. ಮಾತ್ರೆನೂ ಬಿಟ್ಟಿದಾಳೆ. ನಿಂತ್ಕೋಬೇಡಿ ಮಾವ, ಓಡಿ!"

ಅಂಗಡಿ ತುಂಬ ಸೈಕಲ್ಲಿದ್ದರೂ ಸಾಮ್ರಾಟ ಕಾಲಲ್ಲೇ ಓಡಿದ. ಬಾಗಿಲು ಬಡಿದೆ. ನೀನು ತೆಗೆದೆ. ನನಗೆ ಅಷ್ಟು ಸಾಕಾಗಿತ್ತು.

ಫೋನ್ ಮಾಡಿದ ಆ ಹುಡುಗಿಗೂ ನಿನ್ನದೇ ಕಾಯಿಲೆಯಂತೆ. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲವಂತೆ. "ನಮ್ಮ ಮಾವನ ಜಂಬ ನೋಡ್ರೇ" ಎಂದು ನನ್ನ ಬೋರ್ಡಿನ ಫೋಟೊ ಆ ಗುಂಪಿಗೆ ಹಾಕಿ ನಕ್ಕಿದ್ದೆಯಲ್ಲ, ಅದನ್ನೇ ಹುಡುಕಿ ನಂಬರು ಓದಿದ್ದಾಳೆ. ಕುಂಬಳಕಾಯಿ ಗಾತ್ರದ ನಂಬರು ಯಾಕೆಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಈಗ ಕೇಳು ಅವಳನ್ನು!

ನಿನ್ನ ಫೋನು ನನ್ನ ಸ್ಪ್ಯಾನರ್ ಡಬ್ಬಿಯಲ್ಲಿ ಭದ್ರವಾಗಿದೆ. ಅದರಲ್ಲಿ ಯಾವುದನ್ನು ಕಿತ್ತುಹಾಕಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ನೀನು, ನಿನ್ನಮ್ಮ, ಡಾಕ್ಟರು ಕೂತು ಮಾತಾಡಿ. ಆ ಕುಣಿತದವಳನ್ನು ನಂಬಿದ್ದನ್ನು ಡಾಕ್ಟರಿಗೆ ನಿನ್ನ ಬಾಯಿಂದಲೇ ಹೇಳು. ಅವರು ಬೈಯುವುದಿಲ್ಲ, ನಾನು ಕೇಳಿದ್ದೇನೆ.

ಆ ಹುಡುಗಿ ದಿನಾ ಸಂಜೆ ಅಂಗಡಿಗೆ ಫೋನ್ ಮಾಡುತ್ತಾಳೆ. "ಇದಾಳಾ, ಮಾವ?" ಎನ್ನುತ್ತಾಳೆ. "ಇದಾಳೆ" ಎನ್ನುತ್ತೇನೆ. ಇಷ್ಟು ಚಿಕ್ಕ ಮಾತಾಡಿ ನನಗೆ ಅಭ್ಯಾಸವಿಲ್ಲ. ವಾಸಿಮಾಡಿಕೊಂಡು ಬಾ, ಉತ್ತರ ನೀನೇ ಕೊಡು.

ನೂರು ಕಾಲ ಇರು, ಮಗಳೇ. ಬೇರೆ ಆಶೀರ್ವಾದ ನನ್ನ ಬಳಿಯಿಲ್ಲ.

ನಿನ್ನ ಮಾವ,
ಸೈಕಲ್ ಸಾಮ್ರಾಟ